ಗೋಣಿ ಮರಕ್ಕೆ ಕಟ್ಟಿದ ಗಂಟು

ಕೊಟ್ಟಿಗೆಯಲ್ಲಿ ಗಬ್ಬದ ಹಸು ಇದೆ. ಈಯುವುದಕ್ಕೆ ಇನ್ನೂ ದಿನ ಇದೆ. ಒಂದು ಬೆಳಿಗ್ಗೆ ಬಾಗಿಲು ತೆಗೆದು ನೋಡಿದರೆ ಅದರ ಕಾಲ ಬಳಿ ಸರಿಯಾಗಿ ಕೂದಲೂ ಬಾರದ ಕರು ಸತ್ತು ಬಿದ್ದಿದೆ. ಹಸು ಕಂದು ಹಾಕಿದೆ. ದನ ಸಾಕಿದವರಿಗೆ ಈ ಸಂಕಟ ಹೊಸದಲ್ಲ. ಯಾರದೋ ಕೆಟ್ಟ ಕಣ್ಣು ಬಿತ್ತು ಅನ್ನುತ್ತೇವೆ, ಯಾವುದೋ ಹರಕೆ ಮರೆತೆವು ಅನ್ನುತ್ತೇವೆ. ಸರಿ, ಅಂದುಕೊಳ್ಳೋಣ. ಆಮೇಲೆ ಏನು ಮಾಡುತ್ತೇವೆ? ಆಮೇಲೆ ಮಾಡುವ ಆ ಒಂದು ಕೆಲಸದ ಕಥೆ ಇದು. ನಗಿಸುವ ಕಥೆಯಲ್ಲ, ಮೊದಲೇ ಹೇಳಿಬಿಡುತ್ತೇನೆ.

ಮಹಾರಾಜರು ಆಳುತ್ತಿದ್ದ ಕಾಲ. ಈಗಿನ ರಾಮನಗರಕ್ಕೆ ಆಗ ಕ್ಲೋಸ್‌ಪೇಟೆ ಅಂತ ಹೆಸರು. ಅಲ್ಲಿಂದ ಮಾಗಡಿಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ, ಬಾಗಿಲಲ್ಲಿ ನಿಂತರೆ ಸಾವನದುರ್ಗದ ಬಂಡೆ ಕಾಣುತ್ತಿತ್ತು. ಆ ಊರಲ್ಲಿ ಗವಿಸಿದ್ದಯ್ಯ ಅಂತ ಒಬ್ಬ ರೈತ. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ತನ್ನ ಮಾತಿಗೆ ಯಾರಾದರೂ ಎದುರಾಡಿದರೆ ಮಾತ್ರ ಮುಖ ಊದಿಸಿಕೊಂಡು ಕೂತುಬಿಡುತ್ತಿದ್ದ. ಹೆಂಡತಿ ರೇವಮ್ಮ. ಒಬ್ಬಳೇ ಮಗಳನ್ನು ಅಕ್ಕೂರಿಗೆ ಕೊಟ್ಟಿದ್ದರು. ಆ ಮಗಳು ಬಾಣಂತನಕ್ಕೆ ತೌರಿಗೆ ಬಂದವಳು ಹೆತ್ತು ವಾರದೊಳಗೇ ಕಣ್ಣು ಮುಚ್ಚಿದಳು. ಉಳಿದದ್ದು ಒಂದು ಹೆಣ್ಣು ಕೂಸು. ಶಿವಗಂಗೆ ಅಂತ ಹೆಸರಿಟ್ಟರು, ಕರೆಯುವುದು ಗಂಗೆ ಅಂತ.

ತಾಯಿಯಿಲ್ಲದ ಕೂಸಿಗೆ ಹಾಲು ಎಲ್ಲಿಂದ ತರುವುದು? ಮನೆಯಲ್ಲಿ ಎರಡು ಹಸು ಇದ್ದವು. ಬೆಳ್ಳಿ ಅನ್ನುವುದು ಆ ವರ್ಷವೇ ಕಂದು ಹಾಕಿತ್ತು, ಅದರ ಕೆಚ್ಚಲು ಬತ್ತಿತ್ತು. ಇನ್ನೊಂದು ಕೆಂದಿ, ಆಗಿನ್ನೂ ಗಬ್ಬ. ಪಕ್ಕದ ಮನೆಯ ಸಾಬಿರಾ ಮಾತ್ರ ದಿನಾ ಬೆಳಿಗ್ಗೆ ತನ್ನ ಆಡಿನ ಹಾಲನ್ನು ಒಂದು ಗಿಂಡಿ ತಂದುಕೊಡುತ್ತಿದ್ದಳು. ಪುಣ್ಯಾತ್ಗಿತ್ತಿ, ಒಂದು ದಿನವೂ ಬೇಸರಪಟ್ಟವಳಲ್ಲ. ಆದರೆ ಯುಗಾದಿ ಕಳೆಯುವ ಹೊತ್ತಿಗೆ ಆ ಆಡೂ ಹಾಲು ಕಡಿಮೆ ಮಾಡುತ್ತಾ ಬಂತು. ಊರಿನ ಬೇರೆ ಮನೆಗಳಲ್ಲೂ ಹಾಲಿಲ್ಲ. ಒಬ್ಬರ ಹಸುವಾದ ಮೇಲೆ ಇನ್ನೊಬ್ಬರದು ಕಂದು ಹಾಕುತ್ತಿತ್ತು. ರಾಗಿ ಸರಿ ತಿನ್ನಿಸಿದರೆ ಕೂಸು ಕಾರಿಬಿಡುತ್ತಿತ್ತು.

ಅಷ್ಟರಲ್ಲಿ ಅಕ್ಕೂರಿನ ಬೀಗಿತ್ತಿ ಮೀನಾಕ್ಷಮ್ಮ ಗಾಡಿ ಕಟ್ಟಿಸಿಕೊಂಡು ಬಂದಳು. ಕೂಸನ್ನು ಎತ್ತಿಕೊಂಡು ಅದರ ಕೈಕಾಲು ಮುಟ್ಟಿ ನೋಡಿದಳು. ಕೆಟ್ಟ ಹೆಂಗಸೇನಲ್ಲ ಅವಳು, ಕಣ್ಣಲ್ಲಿ ನೀರು ಹಾಕಿಕೊಂಡಳು.

"ರೇವಕ್ಕ, ಮಗು ಕಡ್ಡಿ ಆಗೋಗೈತಲ್ಲವ್ವ. ನಮ್ಮನೇಲಿ ಎರಡು ಹಸ ಕರೀತಾವೆ. ನಮ್ಮ ಮಗನ ಮಗಳು ಇದು, ನಾವು ಸಾಕ್ಕೋತೀವಿ."

ರೇವಮ್ಮ ಕೂಸನ್ನು ಅವಳ ಕೈಯಿಂದ ಇಸಿದುಕೊಂಡು ಸೆರಗಿನಲ್ಲಿ ಮುಚ್ಚಿಕೊಂಡಳು. ಮಗಳು ಹೋದಮೇಲೆ ಆ ಕೂಸಿನ ಮುಖದಲ್ಲೇ ಮಗಳನ್ನು ಕಾಣುತ್ತಿದ್ದವಳು ಅವಳು. ಗವಿಸಿದ್ದಯ್ಯನೇ ಬಾಯಿ ಬಿಟ್ಟ.

"ಬೀಗಿತ್ತಮ್ಮ, ಆಷಾಢಕ್ಕೆ ನಮ್ಮ ಕೆಂದಿ ಈಯ್ತದೆ. ಕೆಂದಿ ಹಾಲು ಅಂದ್ರೆ ಸಾಮಾನ್ಯ ಅಲ್ಲ. ಅಲ್ಲೀಗಂಟ ತಡ್ಕಳಿ. ಮಗೀನ ಕಿತ್ಕೊಬೇಡಿ."

"ಆಗ್ಲಿ. ಹಸ ಈದ್ರೆ ಮಗು ನಿಮ್ಮತ್ರಾನೇ ಇರ್ಲಿ, ನಾ ಬ್ಯಾಡ ಅನ್ನಾಕಿಲ್ಲ. ಈಯ್ದೆ ಇದ್ರೆ ಮಾತ್ರ ಕರ್ಕೊಂಡೋಯ್ತೀನಿ. ಆಗ ಅಡ್ಡ ಬರಬ್ಯಾಡಿ."

ಅಲ್ಲಿಂದ ಆ ಮನೆಯವರ ಜೀವ ಕೆಂದಿಯ ಹೊಟ್ಟೆಯಲ್ಲಿತ್ತು.

ಈಗ ಮರದ ಮಾತು ಹೇಳಬೇಕು. ಗವಿಸಿದ್ದಯ್ಯನ ಹೊಲದ ಬದುವಿನಲ್ಲಿ ಒಂದು ದೊಡ್ಡ ಗೋಣಿ ಮರವಿತ್ತು. ಆಲ, ಅರಳಿ, ಅತ್ತಿ, ಬಸರಿ ಇವೆಲ್ಲ ಒಂದೇ ಕುಲ, ಗೋಣಿಯೂ ಅದೇ ಕುಲದ್ದು. ಇವುಗಳ ಎಲೆ ಕಿತ್ತರೆ, ತೊಗಟೆ ಗೀರಿದರೆ ಬೆಳ್ಳಗೆ ಹಾಲು ಸುರಿಯುತ್ತದೆ. ಆ ಮರ ಊರಿಗೆ ಎಷ್ಟು ಉಪಕಾರಿ ಅಂತೀರಿ! ಉಳುವ ಎತ್ತು ಮಧ್ಯಾಹ್ನ ಮಲಗುವುದಕ್ಕೆ ಅದರ ನೆರಳು. ಹಿಮ್ಮಡಿ ಒಡೆದರೆ ಹೆಂಗಸರು ಅದರ ಹಾಲು ಹಚ್ಚುತ್ತಿದ್ದರು. ಹಣ್ಣು ಬಿಟ್ಟಾಗ ಊರಿನ ಹಕ್ಕಿಯೆಲ್ಲ ಅಲ್ಲೇ, ಗದ್ದಲ ಕಿವಿಗೆ ಬೀಳದ ಮನೆಯಿಲ್ಲ. ಒಂದು ಕೊಂಬೆ ಕಡಿದು ನೆಟ್ಟರೂ ಚಿಗುರಿಬಿಡುತ್ತದೆ. ಎಲ್ಲಕ್ಕಿಂತ ದೊಡ್ಡದು ಅದರ ಸೊಪ್ಪು. ಬೇಸಿಗೆಯಲ್ಲಿ ಹುಲ್ಲು ಮುಗಿದು ಕಣ್ಣಿಗೆ ಹಸಿರೇ ಕಾಣದಿರುವಾಗ ದನಕರು ಉಳಿಯುತ್ತಿದ್ದದ್ದು ಗೋಣಿ ಸೊಪ್ಪಿನಿಂದ.

ಹಾಲಿನ ಮರ ಅಲ್ಲವೇ, ಅದಕ್ಕೇ ಒಂದು ಪದ್ಧತಿಯೂ ಬೆಳೆದಿತ್ತು. ಹಸು ಈದಮೇಲೆ ಕರುವಿನ ಹಿಂದೆ ಮಾಸು ಬೀಳುತ್ತದಲ್ಲ, ಅದನ್ನು ಹುಲ್ಲಿನಲ್ಲಿ ಸುತ್ತಿ, ಗಂಟು ಮಾಡಿ, ಗೋಣಿ ಮರದ ಕೊಂಬೆಗೆ ಕಟ್ಟುವುದು. ಮರದ ಹಾಲು ಬತ್ತದ ಹಾಗೆ ಹಸುವಿನ ಕೆಚ್ಚಲೂ ಬತ್ತದಿರಲಿ ಅಂತ. ಕಂದು ಹಾಕಿದ ಹಸುವಿನ ಮಾಸನ್ನಂತೂ ಇನ್ನೂ ಭಕ್ತಿಯಿಂದ ಕಟ್ಟುತ್ತಿದ್ದರು, ಮುಂದಿನ ಸಲವಾದರೂ ಉಳಿಸಪ್ಪಾ ಅಂತ ಕೈಮುಗಿದು. ಆ ವರ್ಷ ಗೋಣಿ ಮರದ ತೆಂಕಲ ಕೊಂಬೆಯ ತುಂಬ ಗಂಟುಗಳು. ದೂರದಿಂದ ನೋಡಿದರೆ ಗೀಜಗನ ಗೂಡುಗಳ ಹಾಗೆ ಕಾಣುತ್ತಿದ್ದವು. ಅದರಲ್ಲಿ ಬೆಳ್ಳಿಯದೂ ಒಂದು.

ಸಾಬಿರಾಳ ಗಂಡ ಶರೀಫ್ ಕ್ಲೋಸ್‌ಪೇಟೆಯ ಕಡೆ ಒಂದು ದನದಾಸ್ಪತ್ರೆಯಲ್ಲಿ ಕಾಂಪೌಂಡರ್. ಸಂತೆಯ ದಿನ ಮನೆಗೆ ಬರುತ್ತಿದ್ದ. ಒಂದು ಸಂತೆಯ ದಿನ ಗವಿಸಿದ್ದಯ್ಯನ ಜಗಲಿಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಾ ಮಾತು ತೆಗೆದ.

"ಗವಿಸಿದ್ದಣ್ಣ, ಊರಲ್ಲಿ ಹಸಗಳು ಕಂದು ಹಾಕ್ತಾ ಇರೋದು ಕಣ್ಣು ಬಿದ್ದು ಅಲ್ಲ. ಅದೊಂದು ಅಂಟುರೋಗ. ನಮ್ಮ ಡಾಕ್ಟ್ರು ಹೇಳವ್ರೆ."

"ಜ್ವರ ಇಲ್ಲ, ಕೆಮ್ಮಿಲ್ಲ, ಮೇವು ಬುಟ್ಟಿಲ್ಲ. ಅದ್ಯಾವ ರೋಗ ಕಣ್ಲಾ?"

"ಅದೇ ನೋಡು ಇದರ ಕಳ್ಳತನ. ಹಸ ಮೇಲ್ನೋಟಕ್ಕೆ ಚೆನ್ನಾಗೇ ಇರ್ತದೆ. ಕಣ್ಣಿಗೆ ಕಾಣದ ಹುಳ ಹೊಟ್ಟೆ ಒಳಗೆ ಕರೂನ ಕೊಂದಾಕ್ತದೆ. ಆ ಹುಳ ಎಲ್ಲೈತೆ ಅಂದ್ರೆ, ಬಿದ್ದ ಮಾಸಲ್ಲೈತೆ, ಅದರ ನೀರಲ್ಲೈತೆ. ಅದು ತಗುಲಿದ ಮೇವನ್ನ ಇನ್ನೊಂದು ಗಬ್ಬದ ಹಸ ತಿಂದ್ರೆ ಮುಗೀತು."

"ಅದಕ್ಕೇ ಅಲ್ವೇನಪ್ಪ ಮರದ ಮೇಲೆ ಕಟ್ಟೋದು? ದನಕ್ಕೆ ನಾಯಿಗೆ ಸಿಗಬಾರ್ದು ಅಂತ."

"ದನಕ್ಕೆ ಸಿಗಾಕಿಲ್ಲ ಸರಿ. ಕಾಗೆ ಹದ್ದಿಗೆ ಸಿಕ್ತದಲ್ಲ? ಎಳೆದು ಎಳೆದು ಕೆಳಕ್ಕೆ ಬೀಳಿಸ್ತಾವೆ. ಗಂಟಿನಿಂದ ನೀರು ತೊಟ್ಟಿಕ್ತದಲ್ಲ, ಅದು ಎಲ್ಲಿಗೆ ಬೀಳ್ತದೆ? ಕೆಳಗಿನ ಸೊಪ್ಪಿನ ಮೇಲೆ. ಆ ಸೊಪ್ಪನ್ನ ಕುಯ್ದು ನಾವೇ ತಂದು ಗಬ್ಬದ ಹಸೀನ ಬಾಯಿಗೆ ಹಾಕ್ತೀವಿ." ಶರೀಫ್ ಎಲೆಯಡಿಕೆ ಉಗುಳಿ ಬಂದು ಮತ್ತೆ ಕೂತ. "ಆಳುದ್ದ ಗುಂಡಿ ತೋಡು. ಮಾಸು, ಸತ್ತ ಕರು, ಅದು ಬಿದ್ದ ಹುಲ್ಲು, ಎಲ್ಲಾನೂ ಹಾಕಿ ಮೇಲೆ ಸುಣ್ಣ ಸುರಿದು ಮಣ್ಣು ಮುಚ್ಚು. ಕೆಂದೀನ ಬೆಳ್ಳಿ ಪಕ್ಕದಿಂದ ಬೇರೆ ಕಟ್ಟು. ಆ ಗಂಟುಗಳನ್ನ ಇಳಿಸ್ಬುಡು. ಸೊಪ್ಪು ಬೇಕೇ ಬೇಕು ಅಂದ್ರೆ ಕೆರೆ ಏರಿ ಮೇಲಿನ ಅತ್ತಿ ಮರದ್ದು ತತ್ತಾ. ಅದರ ಮೇಲೆ ಯಾರೂ ಏನೂ ಕಟ್ಟಿಲ್ಲ."

ಗವಿಸಿದ್ದಯ್ಯನಿಗೆ ಮೈಯೆಲ್ಲ ಉರಿಯಿತು. "ನಮ್ಮಪ್ಪ ಕಟ್ಟಿದ್ದ, ನಮ್ಮ ತಾತ ಕಟ್ಟಿದ್ದ. ಆವಾಗಿಲ್ಲದ ಹುಳ ಈಗ ಎಲ್ಲಿಂದ ಬಂತು, ನಿಮ್ಮ ಆಸ್ಪತ್ರೆಯಿಂದ್ಲಾ?"

ರೇವಮ್ಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬಾಗಿಲ ಒಳಗೆ ಕೂತಿದ್ದಳು. "ಏನೂಂದ್ರೆ, ಒಸಿ ಕೇಳಬಾರ್ದಾ? ಗಂಟು ಇಳಿಸಿದ್ರೆ ನಮಗೇನು ಹೋಗದು?"

"ನೀ ಸುಮ್ಕಿರೇ. ಕೆಂದಿ ತುಂಬು ಗಬ್ಬ ಇರೋವಾಗ ಮರದ ಮೇಲಿಂದ ಗಂಟು ಇಳಿಸೋದಾ? ಹಾಲಿಗೆ ಕಲ್ಲಾಕ್ತೀಯಾ?"

ಶರೀಫ್ ಎದ್ದು ಹೋದ. ಆದರೂ ಗವಿಸಿದ್ದಯ್ಯನ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯಿತು. ಮಾರನೆಯ ದಿನ ಯಾರಿಗೂ ಹೇಳದೆ ಕೆಂದಿಯನ್ನು ಕೊಟ್ಟಿಗೆಯ ಇನ್ನೊಂದು ಮೂಲೆಗೆ ಕಟ್ಟಿದ. ಅಷ್ಟು ಮಾಡಿದ. ಇನ್ನಷ್ಟು ಮಾಡಿದ್ದರೆ ನಾನು ಈ ಕಥೆ ಹೇಳಬೇಕಾಗಿರಲಿಲ್ಲ.

ಅದೇ ವಾರ ಆಚೆ ಬೀದಿಯ ಚಿಕ್ಕಹನುಮಯ್ಯನ ಹಸು ಕಂದು ಹಾಕಿತು. ಅವನು ಗಂಟು ಹಿಡಿದುಕೊಂಡು ಅಳುತ್ತಾ ಬಂದ. ಮರ ಗವಿಸಿದ್ದಯ್ಯನದು, ಕೇಳದೆ ಕಟ್ಟುವ ಹಾಗಿಲ್ಲ.

"ಅಣ್ಣ, ನಿನ್ನ ಕೈಯಿಂದ್ಲೇ ಕಟ್ಬುಡು. ನಿನ್ನ ಕೈ ಒಳ್ಳೇದು."

ಶರೀಫನ ಮಾತು ನೆನಪಾಗದೆ ಇರಲಿಲ್ಲ. ಆದರೆ ಅಳುತ್ತಾ ನಿಂತವನಿಗೆ ಇಲ್ಲ ಅನ್ನುವುದು ಹೇಗೆ? ಅದೂ ಒಳ್ಳೆಯ ಕೈ ಅಂತ ಹೊಗಳಿದವನಿಗೆ! ಗವಿಸಿದ್ದಯ್ಯ ಏಣಿ ಹಾಕಿ ಹತ್ತಿ, ಬೆಳ್ಳಿಯ ಗಂಟಿನ ಪಕ್ಕದಲ್ಲೇ ಅದನ್ನೂ ಕಟ್ಟಿದ. ಹಸಿ ಗಂಟು, ಒಂದೇ ಸಮನೆ ತೊಟ್ಟಿಕ್ಕುತ್ತಿತ್ತು.

ಬಿಸಿಲು ಏರಿತು. ಮನೆಯ ಹುಲ್ಲಿನ ಬಣವೆ ಬುಡ ಕಂಡಿತು. ಹೊಟ್ಟೆ ಹೊತ್ತ ಕೆಂದಿ ಒಣ ರಾಗಿ ಹುಲ್ಲನ್ನು ಮೂಸಿ ಮುಖ ತಿರುಗಿಸುತ್ತಿತ್ತು. ಸಾಬಿರಾಳ ಆಡು ಪೂರ್ತಿ ಬತ್ತಿತು, ರೇವಮ್ಮ ಗಂಜಿಯ ತಿಳಿಯನ್ನೇ ಹನಿ ಹನಿ ಕುಡಿಸಿ ಕೂಸಿನ ಜೀವ ಹಿಡಿದಿಟ್ಟಳು. ಗಂಗೆ ಅಳುವುದನ್ನೂ ಕಡಿಮೆ ಮಾಡಿದಳು. ಅಳುವ ಕೂಸಿಗಿಂತ ಅಳದ ಕೂಸು ಹೆಚ್ಚು ಹೆದರಿಸುತ್ತದೆ ಅನ್ನುವುದು ಸಾಕಿದವರಿಗೆ ಗೊತ್ತು. ಗವಿಸಿದ್ದಯ್ಯ ಕುಡುಗೋಲು ತೆಗೆದುಕೊಂಡು ಸೊಪ್ಪಿಗೆ ಹೊರಟ.

ಕೆರೆ ಏರಿಗೆ ಹೋಗಬಹುದಿತ್ತು. ಅತ್ತಿ ಮರದಲ್ಲಿ ಸೊಪ್ಪಿಗೆ ಬರವಿರಲಿಲ್ಲ. ಆದರೆ ಅವನ ಮನಸ್ಸು ಬೇರೆಯೇ ಲೆಕ್ಕ ಹಾಕಿತ್ತು. ಗೋಣಿ ಸೊಪ್ಪಿಗೆ ಹಾಲು ಹೆಚ್ಚು. ಅದರಲ್ಲೂ ಗಂಟು ಕಟ್ಟಿದ ಕೊಂಬೆಯ ಸೊಪ್ಪಿಗೆ ಇನ್ನೂ ಹೆಚ್ಚು, ಊರಿನ ಹಸುಗಳ ಹಾಲೆಲ್ಲ ಆ ಕೊಂಬೆಯಲ್ಲೇ ಸೇರಿದೆ ಅಂತ ಅವನ ನಂಬಿಕೆ. ಕೆಂದಿಗೆ ಕೊಡುವುದಾದರೆ ಅದನ್ನೇ ಕೊಡಬೇಕು. ಹುಡುಕಿ ಹುಡುಕಿ, ಗಂಟುಗಳ ಕೆಳಗಿನ ಎಳೆಯ ರೆಂಬೆಗಳನ್ನೇ ಕುಯ್ದ. ಎಲೆಗಳ ಮೇಲೆ ಅಲ್ಲಲ್ಲಿ ಏನೋ ಒಣಗಿ ಅಂಟಿಕೊಂಡಿತ್ತು. ಹಕ್ಕಿ ಹಿಕ್ಕೆಯಿರಬೇಕು ಅಂತ ಪಂಚೆಯ ತುದಿಯಲ್ಲಿ ಒರೆಸಿದ.

"ತಿನ್ನವ್ವ ಕೆಂದಿ, ನಮ್ಮ ಗಂಗೆಗೋಸ್ಕರ ತಿನ್ನು" ಅಂತ ಒಂದೊಂದೇ ರೆಂಬೆಯನ್ನು ತನ್ನ ಕೈಯಾರೆ ಅದರ ಬಾಯಿಗೆ ಕೊಟ್ಟ. ಕೆಂದಿ ಚಪ್ಪರಿಸಿಕೊಂಡು ತಿಂದಿತು. ಅದನ್ನು ನೋಡಿ ಅವನಿಗೆ ಎಷ್ಟೋ ದಿನದ ಮೇಲೆ ಹೊಟ್ಟೆ ತಣ್ಣಗಾಯಿತು. ಅಯ್ಯೋ, ಆ ಮನುಷ್ಯನ ಪ್ರೀತಿಯಲ್ಲಿ ಏನೂ ಕೊರತೆ ಇರಲಿಲ್ಲ. ಅದೇ ಸೊಪ್ಪನ್ನು ಹುಲ್ಲು ಚಿಗುರುವ ತನಕ ದಿನವೂ ತಂದು ಹಾಕಿದ.

ಮಳೆ ಬಿದ್ದು ಹೊಲ ಉಳುವ ಹೊತ್ತು. ಒಂದು ಬೆಳಿಗ್ಗೆ ಸಗಣಿ ಬಾಚಲು ಹೋದ ರೇವಮ್ಮನ ಕೂಗು ಬೀದಿಯ ಕೊನೆಗೂ ಕೇಳಿಸಿತು. ಕೆಂದಿ ಕಂದು ಹಾಕಿತ್ತು. ಹೆಣ್ಣು ಕರು. ಕೆಂದಿ ಅದನ್ನು ನೆಕ್ಕುತ್ತಾ, ಮೂತಿಯಿಂದ ನೂಕುತ್ತಾ, ಏಳಲಿ ಅಂತ ಕಾಯುತ್ತಾ ನಿಂತಿತ್ತು.

ಗವಿಸಿದ್ದಯ್ಯ ಓಡಿಬಂದು ನೋಡಿದ. ಗೋಡೆಗೆ ಒರಗಿ ಕೂತ. ಆಮೇಲೆ ಮಾಸು ಬಿತ್ತು. ಅವನು ಎದ್ದ. ಯೋಚನೆ ಮಾಡಿ ಎದ್ದದ್ದಲ್ಲ, ಕೈಗೆ ರೂಢಿ ಇತ್ತು. ಹುಲ್ಲು ಎಳೆದುಕೊಂಡ, ಸುತ್ತತೊಡಗಿದ.

ಗಂಡನ ಎದುರು ಯಾವತ್ತೂ ದನಿ ಏರಿಸದ ರೇವಮ್ಮ ಅವತ್ತು ಸಿಡಿದಳು. "ಕಟ್ಟಿ! ಹೋಗಿ ಕಟ್ಟಿ! ನಮ್ಮದು ಹೋಯ್ತಲ್ಲ, ಉಳಿದವರ ಮನೇದೂ ಹೋಗ್ಲಿ. ಶರೀಫ್ ಸಾಬ್ರು ಬಾಯಿ ಬಡ್ಕೊಂಡ್ರಲ್ಲ, ಕೇಳಿದ್ರಾ ನೀವು? ನಾನು ಹೇಳಿದ್ನಲ್ಲ, ಕೇಳಿದ್ರಾ? ನನ್ನ ಮಗಳಂತೂ ಹೋದ್ಳು, ಈಗ ಅವಳ ಮಗೀನೂ ಕಳಿಸಿ!"

ಗವಿಸಿದ್ದಯ್ಯನ ಕೈ ನಿಂತಿತು. ಹುಲ್ಲನ್ನು ಕೆಳಗೆ ಹಾಕಿದ. ಕೊಡಲಿ ತೆಗೆದುಕೊಂಡು, "ಆ ಹಾಳು ಮರಾನೇ ಕಡಿದಾಕ್ಬುಡ್ತೀನಿ" ಅಂತ ಹೊರಟ. ಅವತ್ತು ಸಂತೆಯ ದಿನ, ಮನೆಗೆ ಬಂದಿದ್ದ ಶರೀಫ್ ಕೂಗು ಕೇಳಿ ಓಡಿಬಂದವನು ಬಾಗಿಲಲ್ಲೇ ತಡೆದ.

"ಮರ ಏನಣ್ಣ ಮಾಡ್ತು? ನೆರಳು ಕೊಡ್ತು, ಸೊಪ್ಪು ಕೊಡ್ತು. ರೋಗ ಕೊಟ್ಟೋರು ನಾವು. ಮರ ಕಡಿದ್ರೆ ಬರೋ ಬೇಸಿಗೇಲಿ ದನಕ್ಕೆ ಏನಾಕ್ತೀಯ? ಕೊಡಲಿ ಇಲ್ಲಿ ಕೊಡು. ಗುದ್ದಲಿ ತಗೋ."

ಗವಿಸಿದ್ದಯ್ಯ ಅವನ ಮುಖ ನೋಡಿದ. "ಶರೀಫಾ, ನಾನೇ ಕುಯ್ಕೊಂಬಂದೆ ಕಣೋ. ಆ ಕೊಂಬೆ ಸೊಪ್ಪೇ ಹುಡುಕಿ ತಂದೆ. ನನ್ನ ಕೈಯಾರ ತಿನ್ನಿಸ್ಬುಟ್ಟೆ" ಅಂದವನು ಬಾಗಿಲ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ.

ಹೊಲದ ಮೂಲೆಯಲ್ಲಿ, ಬಾವಿಯಿಂದ ದೂರ, ಇಬ್ಬರೂ ಸೇರಿ ಗುಂಡಿ ತೋಡಿದರು. ಕೈಗೆ ಗಾಯವಿದ್ದರೆ ಮುಟ್ಟಬೇಡ, ಬಟ್ಟೆ ಸುತ್ತಿಕೋ ಅಂತ ಶರೀಫ್ ಹೇಳಿಕೊಟ್ಟ. ಈ ಹುಳ ಮನುಷ್ಯರಿಗೂ ಹತ್ತುತ್ತದೆ, ಬಂದು ಹೋಗಿ ಬಂದು ಹೋಗಿ ಮಾಡುವ ಜ್ವರ, ಕೀಲುಕೀಲಿಗೂ ನೋವು ಅಂತ ಎಚ್ಚರ ಹೇಳಿದ. ಕರು, ಮಾಸು, ನೆನೆದ ಹುಲ್ಲು ಎಲ್ಲವೂ ಒಳಗೆ ಹೋದವು. ಗವಿಸಿದ್ದಯ್ಯ ಮರ ಹತ್ತಿ ಗಂಟುಗಳನ್ನು ಒಂದೊಂದಾಗಿ ಇಳಿಸಿದ. ಬೆಳ್ಳಿಯದು, ಚಿಕ್ಕಹನುಮಯ್ಯನ ಹಸುವಿನದು, ಯಾರದೆಂದು ಗೊತ್ತಿಲ್ಲದವೂ. ಎಲ್ಲದರ ಮೇಲೂ ಸುಣ್ಣ ಸುರಿದು ಮಣ್ಣು ಮುಚ್ಚಿ, ನಾಯಿ ಕೆದಕದ ಹಾಗೆ ಮುಳ್ಳು ಹೇರಿದರು. ಕೊಟ್ಟಿಗೆಗೂ ಸುಣ್ಣದ ನೀರು ಚೆಲ್ಲಿದರು. ಊರವರು ದೂರ ನಿಂತು ನೋಡುತ್ತಿದ್ದರು.

"ಗವಿಸಿದ್ದಣ್ಣ, ಮರಕ್ಕೆ ಅಪಚಾರ ಆಗಾಕಿಲ್ವಾ?" ಅಂದ ಚಿಕ್ಕಹನುಮಯ್ಯ.

"ಕೊಳೆತಿದ್ದನ್ನ ಅದರ ಮೈಮೇಲೆ ನೇತಾಕಿದ್ದೇ ಅಪಚಾರ ಕಣಪ್ಪ. ನನ್ನ ಕೈ ಒಳ್ಳೇದು ಅಂದ್ಯಲ್ಲ, ಆ ಕೈಯಿಂದ್ಲೇ ನಮ್ಮನೆ ಹಾಳು ಮಾಡ್ಕೊಂಡೆ. ನೀನೂ ಮಾಡ್ಕಬ್ಯಾಡ."

ಮೀನಾಕ್ಷಮ್ಮ ಆಷಾಢದಲ್ಲಿ ಬಂದಳು. ಯಾರೂ ಅಡ್ಡ ಬರಲಿಲ್ಲ. ಕೊಟ್ಟ ಮಾತು, ಏನಂತ ಅಡ್ಡ ಬಂದಾರು? ರೇವಮ್ಮ ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕಿ, ಕಣ್ಣಿಗೆ ಕಾಡಿಗೆ ಇಟ್ಟು, ಮಗಳ ಸೀರೆಯ ತುಂಡಿನಲ್ಲಿ ಸುತ್ತಿ ಕೊಟ್ಟಳು. ಗಾಡಿ ಹೊರಟಮೇಲೆ ಒಳಗೆ ಹೋಗಿ ಕದ ಹಾಕಿಕೊಂಡಳು. ಗವಿಸಿದ್ದಯ್ಯ ಊರಾಚೆಯ ತನಕ ಗಾಡಿಯ ಹಿಂದೆ ನಡೆದು ಹೋಗಿ, ಒಬ್ಬನೇ ಬಂದ.

ಆಮೇಲೆ ಯಾರ ಮನೆಯಲ್ಲಿ ಹಸು ಈದರೂ ಗವಿಸಿದ್ದಯ್ಯ ಗುದ್ದಲಿ ಹಿಡಿದುಕೊಂಡು ಹೋಗುತ್ತಿದ್ದ. ಕರೆಯದಿದ್ದರೂ ಹೋಗುತ್ತಿದ್ದ, ಬೈಸಿಕೊಂಡೂ ಹೋಗುತ್ತಿದ್ದ. ನಿಧಾನವಾಗಿ ಊರಲ್ಲಿ ಮತ್ತೆ ಕರುಗಳು ಓಡಾಡಿದವು. ಗೋಣಿ ಮರದ ಸೊಪ್ಪನ್ನು ಎಲ್ಲರೂ ಹೆದರಿಕೆಯಿಲ್ಲದೆ ಕುಯ್ಯುವ ಹಾಗಾಯಿತು. ಕೆಂದಿ ಮತ್ತೊಮ್ಮೆ ಗಬ್ಬವಾಗಿ ಜೀವಂತ ಕರು ಹಾಕಿತು, ಹಾಲೂ ಬಂತು. ಕುಡಿಯುವ ಮಗು ಮಾತ್ರ ಆ ಮನೆಯಲ್ಲಿ ಇರಲಿಲ್ಲ.

ಎರಡು ವರ್ಷ ಅಕ್ಕೂರಿಗೆ ಹೋಗಿಬರಲು ಅವನಿಗೆ ಧೈರ್ಯ ಬರಲಿಲ್ಲ. ಹೋದದ್ದು ಮೂರನೆಯ ವರ್ಷ. ಗಂಗೆ ಅಂಗಳದಲ್ಲಿ ಆಡುತ್ತಿದ್ದಳು. ಕೆನ್ನೆ ತುಂಬಿತ್ತು, ಮುಖ ಥೇಟ್ ತಾಯಿಯದೇ.

"ಗಂಗೇ, ಬಾರವ್ವ. ತಾತ ಬಂದಿವ್ನಿ" ಅಂತ ಕೈ ಚಾಚಿದ.

ಮಗು ಅವನನ್ನು ಮೇಲಿಂದ ಕೆಳಗೆ ನೋಡಿತು. ಓಡಿಹೋಗಿ ಮೀನಾಕ್ಷಮ್ಮನ ಸೀರೆ ಹಿಡಿದುಕೊಂಡು, "ಯಾರಜ್ಜಿ ಅವ್ರು?" ಅಂದಿತು.

ಸಂಜೆ ಮನೆಗೆ ಬಂದವನನ್ನು ರೇವಮ್ಮ ಕೇಳಿದಳು. "ಹೆಂಗವ್ಳೆ? ನನ್ನ ಕೇಳಿದ್ಲಾ?"

"ಚೆನ್ನಾಗವ್ಳೆ ಕಣೇ. ಮೈಕೈ ತುಂಬ್ಕೊಂಡವ್ಳೆ" ಅಂದ. ಅಷ್ಟೇ ಅಂದ.

ತಾಯಂದಿರೇ, ಅಣ್ಣತಮ್ಮಂದಿರೇ, ಗೋಣಿ, ಆಲ, ಅತ್ತಿ ನಮ್ಮ ಹಿರಿಯರು ಉಳಿಸಿಕೊಟ್ಟ ಮರಗಳು. ಕಡಿಯಬೇಡಿ, ಬೆಳೆಸಿ. ಬೇಸಿಗೆಯಲ್ಲಿ ಸೊಪ್ಪು ತಂದು ದನಕ್ಕೆ ಹಾಕಿ, ನೆರಳಲ್ಲಿ ಕೂರಿ, ಕೈ ಮುಗಿಯಬೇಕು ಅನ್ನಿಸಿದರೆ ಮುಗಿಯಿರಿ. ಹಸುವಿನ ಮಾಸನ್ನು ಮಾತ್ರ ಮರಕ್ಕೆ ಕಟ್ಟಬೇಡಿ, ತಿಪ್ಪೆಗೂ ಎಸೆಯಬೇಡಿ. ಕಂದು ಹಾಕಿದ ಹಸುವನ್ನು ಬೇರೆ ಕಟ್ಟಿ, ದನದ ಡಾಕ್ಟರಿಗೆ ತೋರಿಸಿ. ಬರಿಗೈಯಲ್ಲಿ ಮುಟ್ಟಬೇಡಿ, ಬಸುರಿ ಹೆಂಗಸರಂತೂ ಹತ್ತಿರವೂ ಹೋಗಬೇಡಿ. ಹಾಲನ್ನು ಕುದಿಸಿಯೇ ಕುಡಿಯಿರಿ. ಕಂದು ಹಾಕಿಸುವ ಈ ರೋಗಕ್ಕೆ ಗವಿಸಿದ್ದಯ್ಯನ ಕಾಲದಲ್ಲಿ ಇಲ್ಲದ ಲಸಿಕೆ ಈಗ ಇದೆ, ಹೆಣ್ಣು ಕರುವಿಗೆ ನಾಲ್ಕು ತಿಂಗಳು ತುಂಬಿ ಎಂಟು ತಿಂಗಳು ಆಗುವುದರೊಳಗೆ ಹಾಕಿಸಿ. ನಿಮ್ಮ ಕೊಟ್ಟಿಗೆಯಲ್ಲೂ ಗಬ್ಬದ ಹಸು ಇದ್ದರೆ, ಅದು ಈಯುವ ತನಕ ಕಾಯಬೇಡಿ. ಬಾವಿಯಿಂದ ದೂರ ಒಂದು ಆಳವಾದ ಗುಂಡಿ ತೋಡಿ, ಪಕ್ಕದಲ್ಲಿ ಒಂದು ಬುಟ್ಟಿ ಸುಣ್ಣ ಇಟ್ಟುಕೊಳ್ಳಿ. ಇವತ್ತೇ ತೋಡಿ.